ಹುಳಿ ಹಿಂಡಿದರೆ ಗಟ್ಟಿಯೋ, ನೀರೋ?

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಬೆಳಗ್ಗೆ ಎದ್ದು ಅಡುಗೆಮನೆಗೆ ಕಾಲಿಟ್ಟರೆ ಅಲ್ಲಿ ದೊಡ್ಡ ರಾದ್ಧಾಂತ. ತಂಗಿ ಒಂದು ಕಡೆ ಅತ್ತೆಯವರ ಗ್ಯಾಸ್ಟ್ರಿಕ್ ಮಾತ್ರೆಯನ್ನು ಕುಟ್ಟಾಣಿಯಲ್ಲಿ ಪುಡಿ ಮಾಡುತ್ತಾ, ಇನ್ನೊಂದು ಕಡೆ ಮಗಳನ್ನು ಬೈಯುತ್ತಾ ನಿಂತಿದ್ದಳು. ಮೊದಲ ಪಿಯುಸಿ ಮುಗಿಸಿದ್ದ ಮಗಳು ಅಣ್ಣನ ಹೇರ್ ಜೆಲ್ಲನ್ನು ಬಟ್ಟಲಿಗೆ ಹಿಂಡಿಕೊಂಡು, ಅದಕ್ಕೆ ಅರ್ಧ ಹೋಳು ನಿಂಬೆರಸ ಬೆರೆಸಿದ್ದಳು. ತಲೆಗೆ ಹಚ್ಚಿದರೆ ಹೊಟ್ಟು ಹೋಗುತ್ತದೆಂದು ಯಾರೋ ಗೆಳತಿ ಹೇಳಿದ್ದಳಂತೆ. ಕಲಸಿ ನೋಡಿದರೆ ಗಟ್ಟಿ ಜೆಲ್ ಹೋಗಿ ಬರೀ ನೀರು!

“ನೋಡಣ್ಣ, ಅಷ್ಟೊಂದು ದುಡ್ಡು ಕೊಟ್ಟು ತಂದದ್ದು. ಅಂಗಡಿಯವನು ಕಲಬೆರಕೆ ಮಾಲು ಕೊಟ್ಟಿದ್ದಾನೆ. ಸಂಜೆ ಹೋಗಿ ಕೇಳಿಯೇ ಬಿಡುತ್ತೇನೆ” ಎಂದಳು ತಂಗಿ.

ಮಧ್ಯಾಹ್ನ ಅವಳೇ ಪನೀರ್ ಮಾಡಲೆಂದು ಕುದಿಯುವ ಹಾಲಿಗೆ ಉಳಿದ ಅರ್ಧ ಹೋಳನ್ನು ಹಿಂಡಿದಳು. ಹಾಲು ಒಡೆದು ಬೆಳ್ಳಗೆ ಗಟ್ಟಿ ಕಟ್ಟಿತು. ಮಗಳು ಓಡಿ ಬಂದಳು. “ಮಾಮ, ಅದೇ ನಿಂಬೆಹಣ್ಣಿನ ಎರಡು ಹೋಳು. ಒಂದು, ಗಟ್ಟಿಯಿದ್ದದ್ದನ್ನು ನೀರು ಮಾಡಿತು. ಇನ್ನೊಂದು, ನೀರಾಗಿದ್ದದ್ದನ್ನು ಗಟ್ಟಿ ಮಾಡಿತು. ಇದು ಹೇಗೆ?”

ಇಬ್ಬರ ನಡುವೆ ಯಾರಾದರೂ ಮನಸ್ತಾಪ ತಂದಿಟ್ಟರೆ ನಾವು ‘ಹುಳಿ ಹಿಂಡಿದರು’ ಎನ್ನುತ್ತೇವೆ. ಹಾಲಿನ ಮಟ್ಟಿಗೆ ಮಾತು ಸರಿ. ಆದರೆ ಅಣುಗಳ ಲೋಕದೊಳಗೆ ಇಳಿದು ನೋಡಿದರೆ ಹುಳಿ ಮಾಡುವ ಕೆಲಸವೇ ಬೇರೆ. ಅದು ಅಲ್ಲಿ ಜಗಳ ನಿಲ್ಲಿಸುತ್ತದೆ. ಜಗಳ ನಿಂತರೆ ಕೆಲವು ಸಂಸಾರಗಳು ಗಟ್ಟಿಯಾಗುತ್ತವೆ, ಕೆಲವು ಕುಸಿದೇ ಬೀಳುತ್ತವೆ. ಈ ವಾರ ಅದರ ಕಥೆ.

ನೀರನ್ನು ಹಿಡಿದಿಟ್ಟವರು ಯಾರು?

ಹೇರ್ ಜೆಲ್ಲಿನಲ್ಲಿ ಬಹುಪಾಲು ಇರುವುದು ನೀರೇ. ಆ ನೀರನ್ನು ಗಟ್ಟಿಯಾಗಿಸುವ ವಸ್ತು ನೂರು ಗ್ರಾಂ ಜೆಲ್ಲಿನಲ್ಲಿ ಒಂದು ಗ್ರಾಂ ಇದ್ದರೆ ಹೆಚ್ಚು. ಒಂದು ಗ್ರಾಂ ವಸ್ತು ಅಷ್ಟೊಂದು ನೀರನ್ನು ಅಲುಗಾಡದಂತೆ ಹಿಡಿದಿಡುವುದು ಹೇಗೆ?

ಅದು ಪಾಲಿಮರ್ ಆಗಿರುವುದರಿಂದ. ಒಂದೇ ಬಗೆಯ ಮೊಗ್ಗನ್ನು ಒಂದರ ಪಕ್ಕ ಒಂದಿಟ್ಟು ಮಾರುಗಟ್ಟಲೆ ಮಾಲೆ ಕಟ್ಟುತ್ತೇವಲ್ಲ, ಪಾಲಿಮರ್ ಹಾಗೆ. ಒಂದೇ ಬಗೆಯ ಚಿಕ್ಕ ಅಣು ಸಾವಿರಾರು ಸಲ ಜೋಡಿಸಿಕೊಂಡ ಉದ್ದನೆಯ ಸರಪಳಿ. ಇಂಥ ಸರಪಳಿಗಳಿಗೆ ಅಲ್ಲಲ್ಲಿ ಗಂಟು ಬಿದ್ದರೆ ಬಲೆಯಾಗುತ್ತದೆ. ಆ ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಕೊಂಡರೆ ಅದೇ ಹೈಡ್ರೊಜೆಲ್. ಕಣ್ಣಿನ ಮೆತ್ತನೆಯ ಕಾಂಟಾಕ್ಟ್ ಲೆನ್ಸು, ಹಣ್ಣಿನ ಜೆಲ್ಲಿ, ಮಗುವಿನ ಡಯಾಪರಿನಲ್ಲಿ ಉಬ್ಬುವ ಹರಳು ಎಲ್ಲವೂ ಈ ಕುಟುಂಬದವೇ.

ಜೆಲ್ಲಿನ ಬಲವನ್ನು ಅಳೆಯುವಾಗ ವಿಜ್ಞಾನಿಗಳು ಮೂರು ಗುಣಗಳನ್ನು ಬೇರೆ ಬೇರೆಯಾಗಿ ನೋಡುತ್ತಾರೆ. ಹಪ್ಪಳ ಬಿಗಿಯಾಗಿರುತ್ತದೆ, ಆದರೆ ಬಗ್ಗಿಸಿದರೆ ಪಟ್ಟೆಂದು ಮುರಿಯುತ್ತದೆ. ಹೋಳಿಗೆಯ ಕಣಕ ಬಿಗಿಯಿಲ್ಲ, ಆದರೆ ಚೆನ್ನಾಗಿ ಹಿಗ್ಗುತ್ತದೆ. ಸೈಕಲ್ ಟ್ಯೂಬು ಹಿಗ್ಗುತ್ತದೆ, ಹರಿಯಲು ಸುಲಭಕ್ಕೆ ಒಪ್ಪುವುದಿಲ್ಲ. ಹೀಗೆ ಬಿಗಿತ, ಹಿಗ್ಗು, ತಾಳಿಕೆ. ಬಿಗಿತವನ್ನು ಪಾಸ್ಕಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಉಕ್ಕಿನದು ಸುಮಾರು 20,000 ಕೋಟಿ ಪಾಸ್ಕಲ್, ರಬ್ಬರಿನದು ಹತ್ತಾರು ಲಕ್ಷ. ನಮ್ಮ ಮೆತ್ತನೆಯ ಜೆಲ್ಲುಗಳದು ಬರೀ ನೂರು, ಸಾವಿರದ ಲೆಕ್ಕ.

ಗಂಟುಗಳು ಹೆಚ್ಚಿದಷ್ಟೂ ಜೆಲ್ ಬಿಗಿಯಾಗುತ್ತದೆ. ಬಿಚ್ಚಿ ಮತ್ತೆ ಕಟ್ಟಿಕೊಳ್ಳಬಲ್ಲ ಗಂಟುಗಳಿದ್ದರೆ ತಾಳಿಕೆ ಹೆಚ್ಚುತ್ತದೆ. ಒಟ್ಟಿನಲ್ಲಿ ಜೆಲ್ಲಿನ ಹಣೆಬರಹವೆಲ್ಲ ಅದರ ಗಂಟುಗಳಲ್ಲಿದೆ. ಹುಳಿ ಕೈಹಾಕುವುದೂ ಅಲ್ಲಿಗೇ.

ಮೊಣಕೈ ಅಗಲಿಸಿ ನಿಂತ ಪ್ರಯಾಣಿಕರು

ಹುಳಿ ಎಂದರೆ ನೀರಿನಲ್ಲಿ ತಿರುಗಾಡುವ ಹೈಡ್ರೊಜನ್ ಅಯಾನುಗಳು. ಅವು ಎಷ್ಟಿವೆ ಎಂದು ಹೇಳುವ ಪಿಎಚ್ ಮಾನವನ್ನು 1909ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ಸೋರೆನ್ ಸೋರೆನ್ಸನ್. ಅವರು ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಪಿಎಚ್ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ನಿಂಬೆರಸ ಎರಡರ ಆಸುಪಾಸಿನಲ್ಲಿದೆ, ಮೊಸರು ನಾಲ್ಕೂವರೆ, ಹಾಲು 6.6, ರಕ್ತ 7.4.

ಹಲವು ಹೇರ್ ಜೆಲ್, ಲೋಳೆಸರದ ಜೆಲ್ ಮತ್ತು ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ಲುಗಳಲ್ಲಿ ಇರುವುದು ಕಾರ್ಬೋಮರ್ ಎಂಬ ಪಾಲಿಮರ್. ಅದರ ಸರಪಳಿಯ ಉದ್ದಕ್ಕೂ ಕಾರ್ಬಾಕ್ಸಿಲ್ ಎಂಬ ಗುಂಪುಗಳು ತೂಗಾಡುತ್ತಿರುತ್ತವೆ. ಒಂದೊಂದು ಗುಂಪೂ ಒಂದು ಹೈಡ್ರೊಜನ್ನನ್ನು ಹಿಡಿದುಕೊಂಡಿರುತ್ತದೆ. ಬಿಳಿಯ ಕಾರ್ಬೋಮರ್ ಪುಡಿಯನ್ನು ನೀರಿಗೆ ಹಾಕಿ ಕಲಕಿದರೆ ಪಿಎಚ್ ಮೂರರ ಸುತ್ತಮುತ್ತ ಇರುತ್ತದೆ, ದ್ರವ ತೆಳ್ಳಗೇ ಇರುತ್ತದೆ. ಇದಕ್ಕೆ ಕೆಲವು ಹನಿ ಕ್ಷಾರ ಬಿದ್ದರೆ ನೋಡಿ ಚಮತ್ಕಾರ. ಕ್ಷಾರವು ಹೈಡ್ರೊಜನ್ನುಗಳನ್ನು ಕಿತ್ತುಕೊಳ್ಳುತ್ತದೆ. ಗುಂಪುಗಳಿಗೆಲ್ಲ ಋಣ ವಿದ್ಯುದಾವೇಶ ಬರುತ್ತದೆ. ಋಣಕ್ಕೂ ಋಣಕ್ಕೂ ಆಗಿಬರುವುದಿಲ್ಲ. ಮುದುಡಿದ್ದ ಸರಪಳಿಗಳು ಪರಸ್ಪರ ತಳ್ಳಾಡಿ ಹರಡಿಕೊಳ್ಳುತ್ತವೆ, ಕಾರ್ಬೋಮರಿನ ಕಣಗಳು ನೀರು ಕುಡಿದು ಉಬ್ಬುತ್ತವೆ. ತುಂಬಿದ ಬಸ್ಸಿನಲ್ಲಿ ಪ್ರತಿಯೊಬ್ಬರೂ ಮೊಣಕೈ ಅಗಲಿಸಿ ನಿಂತರೆ ಯಾರೂ ಅಲುಗಾಡುವಂತಿಲ್ಲ, ಅಲ್ಲವೆ? ಹಾಗೆಯೇ ಉಬ್ಬಿದ ಕಣಗಳು ಒಂದನ್ನೊಂದು ಒತ್ತಿ ನಿಂತು ದ್ರವ ಗಟ್ಟಿಯಾಗುತ್ತದೆ.

ಇದಕ್ಕೆ ನಿಂಬೆ ಹಿಂಡಿದಿರೋ, ಹೈಡ್ರೊಜನ್ನುಗಳು ಹಿಂದಿರುಗಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಆವೇಶ ಹೋಯಿತು, ಜಗಳ ನಿಂತಿತು, ಮೊಣಕೈಗಳು ಮಡಚಿಕೊಂಡವು. ಕಣಗಳು ಕುಗ್ಗಿ ನಡುವೆ ಜಾಗವಾಯಿತು. ಜೆಲ್ ಹರಿಯತೊಡಗಿತು. ಉಪ್ಪು ಹಾಕಿದರೂ ಹೀಗೆಯೇ. ಉಪ್ಪಿನ ಧನ ಅಯಾನುಗಳು ಋಣ ಗುಂಪುಗಳನ್ನು ಸುತ್ತುವರಿದು ಅವುಗಳ ಜಗಳ ಒಂದಕ್ಕೊಂದು ತಟ್ಟದಂತೆ ಮಾಡುತ್ತವೆ. ಕೈಗೆ ಹಚ್ಚಿದೊಡನೆ ಇಂಥ ಜೆಲ್ ನೀರಾಗುವುದರಲ್ಲಿ ಬೆವರಿನ ಉಪ್ಪಿನ ಪಾಲೂ ಇದೆ. ಅಂದ ಮೇಲೆ ಪಾಪ, ಅಂಗಡಿಯವನದು ತಪ್ಪೇನಿಲ್ಲ.

ಹಾಲಿನ ಕಥೆ ತಿರುವುಮುರುವು

ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನು ಚಿಕ್ಕ ಚಿಕ್ಕ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಗಳ ಮೈಮೇಲೆ ರೋಮದಂಥ ಎಳೆಗಳು, ಅವುಗಳಲ್ಲಿ ಋಣ ಆವೇಶ. ಒಂದು ಉಂಡೆ ಇನ್ನೊಂದನ್ನು ಹತ್ತಿರ ಸೇರಿಸುವುದಿಲ್ಲ. ಆದ್ದರಿಂದಲೇ ಹಾಲು ಹಾಲಾಗಿ ಉಳಿದಿದೆ. ಹುಳಿ ಬಿದ್ದು ಪಿಎಚ್ 4.6ರ ಹತ್ತಿರ ಬಂದರೆ ಆವೇಶದ ಲೆಕ್ಕ ಸೊನ್ನೆಯಾಗುತ್ತದೆ. ದೂರ ನಿಂತಿದ್ದ ಉಂಡೆಗಳು ಅಂಟಿಕೊಳ್ಳುತ್ತವೆ.

ಮಗುವಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಹುಳಿ ಎರಡೂ ಕಡೆ ಮಾಡಿದ್ದು ಒಂದೇ ಕೆಲಸ, ಜಗಳ ನಿಲ್ಲಿಸಿದ್ದು. ಜೆಲ್ಲು ನಿಂತದ್ದೇ ಜಗಳದ ಮೇಲೆ, ಆದ್ದರಿಂದ ಅದು ಕುಸಿಯಿತು. ಹಾಲು ಗಟ್ಟಿಯಾಗಲು ಜಗಳವೇ ಅಡ್ಡಿಯಾಗಿತ್ತು, ಆದ್ದರಿಂದ ಅದು ಕಟ್ಟಿತು.

ವೇಗವೂ ಮುಖ್ಯ. ಕುದಿಯುವ ಹಾಲಿಗೆ ನಿಂಬೆ ಹಿಂಡಿದರೆ ಉಂಡೆಗಳು ಗಡಿಬಿಡಿಯಲ್ಲಿ ಗುಂಪುಗುಂಪಾಗಿ ಅಂಟಿ, ನೀರನ್ನು ಹೊರಗೆ ದಬ್ಬುತ್ತವೆ. ಹೆಪ್ಪು ಹಾಕಿಟ್ಟರೆ ಬ್ಯಾಕ್ಟೀರಿಯಗಳು ರಾತ್ರಿಯಿಡೀ ನಿಧಾನವಾಗಿ ಹುಳಿ ಉಣಿಸುತ್ತವೆ. ಬಲೆ ಸಾವಕಾಶವಾಗಿ ಹೆಣೆದುಕೊಂಡು ನೀರನ್ನೆಲ್ಲ ಒಳಗೇ ಇಟ್ಟುಕೊಳ್ಳುತ್ತದೆ. ಹುಳಿ ಒಂದೇ, ಪದಾರ್ಥ ಎರಡು. ನಮ್ಮ ಗಡ್ಡೆ ಮೊಸರು ಒಂದು ಒಳ್ಳೆಯ ಹೈಡ್ರೊಜೆಲ್.

ಒಂದು ಕಣವೋ, ಇಡೀ ಬಟ್ಟಲೋ?

ಇಲ್ಲಿ ಜಾಣ ವಿದ್ಯಾರ್ಥಿಗಳು ಒಂದು ಆಕ್ಷೇಪ ಎತ್ತಬೇಕು. ಉಬ್ಬಿದ ಕಣ ನಿಜಕ್ಕೂ ಗಟ್ಟಿಯೆ? ಅಲ್ಲ. ಡಯಾಪರಿನ ಹರಳು ನೀರು ಕುಡಿದು ಉಬ್ಬಿದ ಮೇಲೆ ಬೆರಳಿನಲ್ಲಿ ಹಿಸುಕಿ ನೋಡಿ, ಸುಲಭವಾಗಿ ನುರಿದುಹೋಗುತ್ತದೆ. ಉಬ್ಬಿದಾಗ ಬಲೆಯ ಗಂಟುಗಳು ದೂರ ದೂರವಾಗಿ ಬಿಗಿತ ಇಳಿಯುತ್ತದೆ. ಹುಳಿಯಲ್ಲಿ ಕುಗ್ಗಿದ ಕಣ ಹೆಚ್ಚು ಬಿಗಿ. ಅಂದರೆ ಹುಳಿಯಿಂದ ಒಂದೊಂದು ಕಣವೂ ಗಟ್ಟಿಯಾಗುತ್ತದೆ, ಇಡೀ ಬಟ್ಟಲು ತೆಳ್ಳಗಾಗುತ್ತದೆ. ಒಂದೊಂದು ಇಟ್ಟಿಗೆಯ ಬಲ ಬೇರೆ, ಗೋಡೆಯ ಬಲ ಬೇರೆ. ‘ಈ ಜೆಲ್ ಗಟ್ಟಿ’ ಎಂದು ಯಾರಾದರೂ ಹೇಳಿದರೆ, ಯಾವುದನ್ನು ಹೇಗೆ ಅಳೆದಿರಿ ಎಂದು ಕೇಳಬೇಕಾದ್ದು ಅದಕ್ಕೇ.

ಈ ಹಿಗ್ಗು-ಕುಗ್ಗನ್ನೇ ಸ್ನಾಯುವಿನಂತೆ ದುಡಿಸಿಕೊಳ್ಳಬಹುದೆಂದು 1950ರಲ್ಲಿ ಸ್ವಿಟ್ಸರ್ಲೆಂಡಿನ ವೆರ್ನರ್ ಕೂನ್, ಇಸ್ರೇಲಿನ ಆಹರೋನ್ ಕಚಾಲ್ಸ್ಕಿ ಮತ್ತು ಸಂಗಡಿಗರು ತೋರಿಸಿದರು. ಅವರ ಪಾಲಿಮರ್ ಬಲೆ ಕ್ಷಾರದಲ್ಲಿ ಉದ್ದವಾಗುತ್ತಿತ್ತು, ಆಮ್ಲದಲ್ಲಿ ಗಿಡ್ಡವಾಗುತ್ತಿತ್ತು.

ಹುಳಿಗೆ ಜಗ್ಗದ ಜೆಲ್ ಬೇಕಾದರೆ? ಆವೇಶವೇ ಬಾರದ ಸರಪಳಿಯನ್ನು ಆರಿಸಬೇಕು. ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಅಂಥದೊಂದು ಪಾಲಿಮರಿನಿಂದ ಕಣ್ಣಿಗೆ ಮೆತ್ತನೆಯ ಲೆನ್ಸು ಮಾಡಿದರು. 1961ರ ಕ್ರಿಸ್‌ಮಸ್ ಸಮಯದಲ್ಲಿ, ಮಗನ ಆಟದ ಜೋಡಣೆ ಸೆಟ್ಟು ಮತ್ತು ಸೈಕಲ್ ಡೈನಮೊ ಬಳಸಿ, ಮನೆಯಲ್ಲೇ ಲೆನ್ಸು ಎರೆಯುವ ಯಂತ್ರ ಕಟ್ಟಿದ್ದರು. ಮಕ್ಕಳ ಆಟದ ಸಾಮಾನನ್ನು ಅಟ್ಟಕ್ಕೆಸೆಯುವ ಮುನ್ನ ತಂದೆತಾಯಂದಿರು ಇದನ್ನು ನೆನೆಯಬಹುದು.

ಸಾಬೂನು ಜಾತಿಯವರ ಪ್ರವೇಶ

ಈಗ ಕಥೆಗೆ ಇನ್ನೊಂದು ಪಾತ್ರ. ಸರ್ಫ್ಯಾಕ್ಟಂಟ್ ಎಂದರೆ ಸಾಬೂನು, ಶಾಂಪೂ ಜಾತಿಯ ಅಣು. ಅದಕ್ಕೆ ನೀರನ್ನು ಮೆಚ್ಚುವ ತಲೆ, ಎಣ್ಣೆಯನ್ನು ಮೆಚ್ಚುವ ಬಾಲ. ನೀರಿನಲ್ಲಿ ಇವುಗಳ ಸಂಖ್ಯೆ ಒಂದು ಮಿತಿ ದಾಟಿದರೆ ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆಗಳನ್ನು ಹೊರಗೆ ಚಾಚಿ ಗುಂಪುಗೂಡುತ್ತವೆ. ಇಂಥ ಗುಂಪಿಗೆ ಮಿಸೆಲ್ ಎಂದು ಹೆಸರು. 1913ರಲ್ಲಿ ಬ್ರಿಸ್ಟಲ್‌ನ ಜೇಮ್ಸ್ ಮೆಕ್‌ಬೇನ್ ಈ ಕಲ್ಪನೆ ಮುಂದಿಟ್ಟರು. ಶಾಂಪೂವಿನಲ್ಲಿ ಬಳಸುವ ಸೋಡಿಯಂ ಲಾರಿಲ್ ಸಲ್ಫೇಟ್ ಒಂದು ಲೀಟರ್ ನೀರಿಗೆ ಎರಡು ಗ್ರಾಂ ದಾಟುತ್ತಿದ್ದಂತೆ ಮಿಸೆಲ್ ಕಟ್ಟುತ್ತದೆ.

ಪಾಲಿಮರ್ ಮತ್ತು ಸರ್ಫ್ಯಾಕ್ಟಂಟುಗಳ ಜೋಡಿ ನಮಗೆ ಹೊಸದಲ್ಲ. ದಾಸವಾಳದ ಎಲೆಯ ಲೋಳೆಗೆ ಸೀಗೆಪುಡಿ ಕಲಸಿ ತಲೆಗೆ ಹಚ್ಚುತ್ತಿದ್ದ ಅಜ್ಜಿಯರು ಮಾಡಿದ್ದು ಅದನ್ನೇ. ಲೋಳೆ ಪಾಲಿಮರ್, ಸೀಗೆಯ ನೊರೆ ಸರ್ಫ್ಯಾಕ್ಟಂಟ್.

ಪಾಲಿಮರ್ ಸರಪಳಿಗೆ ಅಲ್ಲಲ್ಲಿ ಎಣ್ಣೆ ಮೆಚ್ಚುವ ಕೊಕ್ಕೆಗಳನ್ನು ಕೂರಿಸಿದರೆ ಮಿಸೆಲ್ಲೇ ಗಂಟಾಗುತ್ತದೆ. ಎರಡು ಸರಪಳಿಗಳ ಕೊಕ್ಕೆಗಳು ಒಂದೇ ಮಿಸೆಲ್ಲಿನೊಳಗೆ ತಲೆಮರೆಸಿಕೊಂಡರೆ ಸರಪಳಿಗಳಿಗೆ ಹೊಲಿಗೆ ಬಿದ್ದಂತೆ. ಈ ಹೊಲಿಗೆ ಎಳೆದರೆ ಬಿಚ್ಚುತ್ತದೆ, ಬಿಟ್ಟರೆ ಮತ್ತೆ ಕೂಡುತ್ತದೆ. ಇಸ್ತಾಂಬುಲ್ ತಾಂತ್ರಿಕ ವಿಶ್ವವಿದ್ಯಾಲಯದ ಒಗುಜ್ ಒಕಾಯ್ ತಂಡ ಇಂಥ ಗಂಟುಗಳಿಂದ ಗಟ್ಟಿಮುಟ್ಟಾದ, ಕತ್ತರಿಸಿ ಜೋಡಿಸಿದರೆ ತಾನೇ ಬೆಸೆದುಕೊಳ್ಳುವ ಜೆಲ್ಲುಗಳನ್ನು ಮಾಡಿ 2011ರಲ್ಲಿ ಪ್ರಕಟಿಸಿತು. ಜೆಲ್ಲನ್ನು ನೀರಿನಲ್ಲಿ ನೆನೆಸಿ ಸರ್ಫ್ಯಾಕ್ಟಂಟನ್ನು ತೆಗೆದುಹಾಕಿದರೆ ಬೆಸೆಯುವ ಗುಣವೂ ಹೋಗುತ್ತದೆ.

ಹಾಗೆಂದು ಸರ್ಫ್ಯಾಕ್ಟಂಟನ್ನು ಸುರಿದಷ್ಟೂ ಲಾಭವಿಲ್ಲ. ಮಿಸೆಲ್ಲುಗಳು ಅತಿಯಾದರೆ ಒಂದೊಂದು ಕೊಕ್ಕೆಗೂ ಒಂದೊಂದು ಸ್ವಂತ ಮಿಸೆಲ್ ಸಿಕ್ಕಿ, ಹಂಚಿಕೊಳ್ಳುವ ಅಗತ್ಯವೇ ಇಲ್ಲವಾಗುತ್ತದೆ. ಹೊಲಿಗೆ ಬಿಚ್ಚಿಹೋಗಿ ದ್ರವ ಮತ್ತೆ ತೆಳ್ಳಗಾಗುತ್ತದೆ.

ಇಂಥ ಜೆಲ್ಲಿಗೆ ಹುಳಿ ಮೂರು ಬಾಗಿಲುಗಳಿಂದ ಬರುತ್ತದೆ. ಮೊದಲನೆಯದು ಪಾಲಿಮರಿನ ಆವೇಶ. ಬಣ್ಣ ಮತ್ತು ಶಾಂಪೂಗಳಿಗೆ ಹಾಕುವ ಒಂದು ಬಗೆಯ ಕೊಕ್ಕೆಯ ಪಾಲಿಮರ್ ಹುಳಿಯಾಗಿರುವಾಗ ಹಾಲಿನಂತೆ ತೆಳ್ಳಗಿರುತ್ತದೆ. ಕ್ಷಾರ ಬಿದ್ದಾಗ ಸರಪಳಿ ಬಿಚ್ಚಿ ಕೊಕ್ಕೆಗಳು ಹೊರಬರುತ್ತವೆ, ಮಿಸೆಲ್ಲುಗಳು ಹೊಲಿಯುತ್ತವೆ. ಎರಡನೆಯದು ಸರ್ಫ್ಯಾಕ್ಟಂಟಿನ ತಲೆ. ಸಾಬೂನು ನೀರಿಗೆ ನಿಂಬೆ ಹಿಂಡಿದರೆ ಬಿಳಿ ಚರಟ ಮೇಲೆ ಬರುತ್ತದೆ. ಸಾಬೂನಿನ ತಲೆ ಆವೇಶ ಕಳೆದುಕೊಂಡು ಬರೀ ಕೊಬ್ಬಿನ ಆಮ್ಲವಾಯಿತು, ಮಿಸೆಲ್ ಕರಗಿತು. ಲಾರಿಲ್ ಸಲ್ಫೇಟಿನ ತಲೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೂರನೆಯದು ಇಬ್ಬರ ನಡುವಿನ ಹಿಡಿತ. ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಎಂಬ ಪಾಲಿಮರಿಗೆ ಹುಳಿಯಲ್ಲಿ ಧನ ಆವೇಶ ಬರುತ್ತದೆ. ಋಣ ತಲೆಯ ಲಾರಿಲ್ ಸಲ್ಫೇಟನ್ನು ಅದು ಗಟ್ಟಿಯಾಗಿ ತಬ್ಬಿ ಜೆಲ್ ಕಟ್ಟುತ್ತದೆ. ಪಿಎಚ್ ಆರೂವರೆ ದಾಟಿದರೆ ಆ ಅಪ್ಪುಗೆ ಸಡಿಲ. ಇಲ್ಲಿ ಹುಳಿಯೇ ಬಂಧು.

ಆದ್ದರಿಂದ ‘ಆಮ್ಲ ಜೆಲ್ಲನ್ನು ಗಟ್ಟಿ ಮಾಡುತ್ತದೆಯೋ ಮೆತ್ತಗೆ ಮಾಡುತ್ತದೆಯೋ’ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಯಾರು ಗಂಟು ಹಾಕಿದ್ದಾರೆ, ಆ ಗಂಟಿಗೆ ಆವೇಶ ಬೇಕೋ ಬೇಡವೋ ಎಂದು ಕೇಳಿದರೆ ಉತ್ತರ ತಾನಾಗಿ ಹೊಳೆಯುತ್ತದೆ.

ಅಜ್ಜಿಯ ಮಾತ್ರೆ

ಹೊಟ್ಟೆಯಲ್ಲೂ ಇದೇ ವಿದ್ಯೆ ನಡೆಯುತ್ತದೆ. ಜಠರದ ಪಿಎಚ್ ಒಂದರಿಂದ ಮೂರು. ಸಣ್ಣ ಕರುಳಿನದು ಐದೂವರೆಗಿಂತ ಮೇಲೆ. ಎದೆಯುರಿಗೆ ಕುಡಿಯುವ ಕೆಲವು ಸಿರಪ್ಪುಗಳಲ್ಲಿ ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್ ಇರುತ್ತದೆ. ಜಠರದ ಹುಳಿ ತಾಗಿದೊಡನೆ ಅದು ಜೆಲ್ಲಾಗಿ, ಜೊತೆಗಿರುವ ಸೋಡದ ಗುಳ್ಳೆಗಳ ಬಲದಿಂದ ತೆಪ್ಪದಂತೆ ತೇಲಿ, ಆಮ್ಲ ಮೇಲಕ್ಕೆ ಬಾರದಂತೆ ತಡೆಯುತ್ತದೆ.

ಇನ್ನು ಗ್ಯಾಸ್ಟ್ರಿಕ್ ತೊಂದರೆಗೆ ಕೊಡುವ ಓಮೆಪ್ರಜೋಲ್ ಜಾತಿಯ ಔಷಧಿ. ಜಠರದ ಆಮ್ಲ ಅದನ್ನೇ ಹಾಳುಮಾಡುತ್ತದೆ. ಅದಕ್ಕಾಗಿ ಅದಕ್ಕೊಂದು ಪಾಲಿಮರ್ ಹೊದಿಕೆ. ಹೇರ್ ಜೆಲ್ಲಿನಲ್ಲಿದ್ದ ಕಾರ್ಬಾಕ್ಸಿಲ್ ಗುಂಪುಗಳೇ ಇದರಲ್ಲೂ ಇವೆ. ಹುಳಿಯಲ್ಲಿ ಆವೇಶವಿಲ್ಲದೆ ಮುದುಡಿಕೊಂಡು ಔಷಧಿಯನ್ನು ಕಾಯುತ್ತವೆ. ಕರುಳಿಗೆ ಇಳಿದಾಗ ಆವೇಶ ಬಂದು ಹೊದಿಕೆ ಕರಗುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಹುಡುಗಿ ಅಮ್ಮನ ಮುಖ ನೋಡಿದಳು. “ಅಮ್ಮ, ಅಜ್ಜಿಯ ಮಾತ್ರೆಯನ್ನು ನೀನು ದಿನಾ ಕುಟ್ಟಿ ಜೇನುತುಪ್ಪದಲ್ಲಿ ಕೊಡ್ತೀಯಲ್ಲ?” ತಂಗಿ ಸುಮ್ಮನಾದಳು. ಅತ್ತೆಯವರಿಗೆ ನುಂಗಲು ಕಷ್ಟವೆಂದು ಅವಳು ಅಕ್ಕರೆಯಿಂದಲೇ ಮಾಡುತ್ತಿದ್ದ ಕೆಲಸ ಅದು. ಎಷ್ಟೋ ದಿನಗಳಿಂದ ಉರಿ ಕಡಿಮೆಯಾಗುತ್ತಿಲ್ಲ ಎಂದು ಅಜ್ಜಿ ಗೊಣಗುತ್ತಲೂ ಇದ್ದರು. ಸಂಜೆ ಅಂಗಡಿಯವನ ಬದಲು ಡಾಕ್ಟರರನ್ನು ಕೇಳಿದೆವು. ಆ ಮಾತ್ರೆಯನ್ನು ಪುಡಿ ಮಾಡಲೇಬಾರದೆಂದು ಹೇಳಿ, ನುಂಗಲು ಸುಲಭವಾದ ಬೇರೆ ರೂಪದಲ್ಲಿ ಬರೆದುಕೊಟ್ಟರು. ನಿಮ್ಮ ಮನೆಯಲ್ಲೂ ವಯಸ್ಸಾದವರಿಗೋ ಮಕ್ಕಳಿಗೋ ಮಾತ್ರೆ ಮುರಿದು, ಕುಟ್ಟಿ ಕೊಡುವ ರೂಢಿಯಿದ್ದರೆ ಮೊದಲು ಡಾಕ್ಟರರನ್ನೋ ಔಷಧಿ ಅಂಗಡಿಯ ಫಾರ್ಮಸಿಸ್ಟರನ್ನೋ ವಿಚಾರಿಸಿ.

ನೀವೂ ಮಾಡಿ ನೋಡಿ

ಕಾರ್ಬೋಮರ್ ಎಂದು ಚೀಟಿಯಲ್ಲಿ ಬರೆದಿರುವ ಹೇರ್ ಜೆಲ್ ಅಥವಾ ಲೋಳೆಸರದ ಜೆಲ್ ತೆಗೆದುಕೊಳ್ಳಿ. ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಆಲ್ಕೊಹಾಲಿಗೆ ಬೆಂಕಿ ಹತ್ತುತ್ತದೆ. ಮೂರು ಬಟ್ಟಲಿಗೆ ಒಂದೊಂದು ಚಮಚ ಜೆಲ್ ಹಾಕಿ. ಒಂದಕ್ಕೆ ಅರ್ಧ ಚಮಚ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಉಪ್ಪು, ಮೂರನೆಯದಕ್ಕೆ ಅರ್ಧ ಚಮಚ ಬರೀ ನೀರು ಹಾಕಿ ಕಲಸಿ. ಮೂರನ್ನೂ ಓರೆ ಮಾಡಿದ ತಟ್ಟೆಯ ಮೇಲೆ ಸುರಿದು, ಯಾವುದು ಎಷ್ಟು ಹೊತ್ತಿನಲ್ಲಿ ಕೆಳಗೆ ಹರಿಯುತ್ತದೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಪಿಎಚ್ ಎಂದರೆ ಕಾಗದದ ಬಣ್ಣ, ರೆಕಾರ್ಡು ಪುಸ್ತಕದ ಒಂದು ಅಂಕಿ ಎಂದುಕೊಂಡಿದ್ದವರಿಗೆ ಅದು ಕೈಗೇ ಸಿಗುತ್ತದೆ.

ಮರುದಿನ ನಮ್ಮ ಹುಡುಗಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. ನಿಂಬೆ ಬಿದ್ದು ನೀರಾದ ಜೆಲ್ಲಿಗೆ ಅಡುಗೆ ಸೋಡ ಹಾಕಿದಳು. ಬುರುಬುರು ಗುಳ್ಳೆ ಬಂದು ಹುಳಿಯೆಲ್ಲ ಹೋಯಿತು. ಆದರೂ ಜೆಲ್ ಮೊದಲಿನಷ್ಟು ಗಟ್ಟಿಯಾಗಲಿಲ್ಲ. ಯಾಕೆ? ಉತ್ತರ ಈ ಲೇಖನದಲ್ಲೇ ಇದೆ. ಹುಳಿಯೂ ಸೋಡವೂ ಕೂಡಿದಾಗ ಬಟ್ಟಲಿನಲ್ಲಿ ಉಳಿಯುವುದೇನೆಂದು ಯೋಚಿಸಿ. ಅಪ್ಪ ಅಮ್ಮಂದಿರೇ, ಮಕ್ಕಳು ಕೇಳಿದರೆ ತಕ್ಷಣ ಹೇಳಿಬಿಡಬೇಡಿ. ನಿಂಬೆಹಣ್ಣು ಇನ್ನೊಂದು ಖರ್ಚಾದರೂ ಚಿಂತೆಯಿಲ್ಲ.